ಸಮೀಕರಣ ಸರಿದೂಗಿಸಲು ಭಾಷೆ ಬೇಡವೇ?

ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸುವ ಪ್ರಶ್ನೆ ಕಾಸರಗೋಡು ಜಿಲ್ಲೆಗೆ ಹೊಸತಲ್ಲ. ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದಿದೆ, ನ್ಯಾಯಾಲಯದ ಮೆಟ್ಟಿಲೇರಿದ್ದೂ ಇದೆ. ಆಗೆಲ್ಲ ನಮಗೆ ಸಿಗುವ ಸಮಾಧಾನ ಒಂದುಂಟು: ಸಮಾಜ ವಿಜ್ಞಾನದ ಮಾತು ಬೇರೆ, ಗಣಿತಕ್ಕೂ ರಸಾಯನ ಶಾಸ್ತ್ರಕ್ಕೂ ಭಾಷೆಯ ಹಂಗೆಲ್ಲಿ? ಸಂಕೇತಗಳು ಎಲ್ಲ ಕಡೆ ಒಂದೇ ತಾನೆ? ಕೇಳಲು ಸರಿಯೆನಿಸುವ ಈ ವಾದವನ್ನು ಹೈಸ್ಕೂಲಿನ ಒಂದೇ ಒಂದು ಪಾಠಕ್ಕೆ ಹಚ್ಚಿ ನೋಡೋಣ.

ರಾಸಾಯನಿಕ ಸಮೀಕರಣವನ್ನು ಸರಿದೂಗಿಸುವುದೇ ಆ ಪಾಠ. ಜಲಜನಕವೂ ಆಮ್ಲಜನಕವೂ ಕೂಡಿ ನೀರಾಗುತ್ತದೆ. ಎಡಬದಿಯಲ್ಲಿ ಆಮ್ಲಜನಕದ ಎರಡು ಪರಮಾಣುಗಳು, ಬಲಬದಿಯ ನೀರಿನ ಅಣುವಿನಲ್ಲಿ ಒಂದೇ. ಲೆಕ್ಕ ಸರಿಮಾಡುವ ಆತುರದಲ್ಲಿ ಮಗು ನೀರಿನ ಸೂತ್ರದ ಕೊನೆಗೆ ಪುಟ್ಟದೊಂದು 2 ಬರೆದುಬಿಡುತ್ತದೆ. ಎಣಿಕೆಯೇನೋ ಸರಿಹೋಯಿತು, ಆದರೆ ಅದು ನೀರಾಗಿ ಉಳಿಯಲಿಲ್ಲ, ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಆಯಿತು! ಸೂತ್ರದೊಳಗಿನ ಅಂಕಿಯನ್ನು ಮುಟ್ಟಬಾರದು, ಅದರ ಮುಂದೆ ಬರೆಯುವ ಅಂಕಿಯನ್ನಷ್ಟೇ ಬದಲಿಸಬೇಕು. ಎರಡು ಅಣು ಜಲಜನಕ, ಒಂದು ಅಣು ಆಮ್ಲಜನಕ ಸೇರಿ ಎರಡು ಅಣು ನೀರು. ತೂಕದಲ್ಲಿ ಹೇಳುವುದಾದರೆ 4 ಗ್ರಾಂ ಜಲಜನಕಕ್ಕೆ 32 ಗ್ರಾಂ ಆಮ್ಲಜನಕ ಕೂಡಿ 36 ಗ್ರಾಂ ನೀರು. ಒಳಗಿನ ಅಂಕಿ ಪರಮಾಣುಗಳನ್ನು ಎಣಿಸುತ್ತದೆ, ಮುಂದಿನದು ಅಣುಗಳನ್ನು. ಇದನ್ನು ಯಾವ ಸಂಕೇತವೂ ತಾನಾಗಿ ಹೇಳದು. ಅಧ್ಯಾಪಕರು ಬಾಯಿಬಿಟ್ಟು ಹೇಳಬೇಕು, ಮಗು ಸಂಶಯ ಕೇಳಬೇಕು, ಮತ್ತೊಮ್ಮೆ ಹೇಳಬೇಕು.

ತೊಡಕಿರುವುದು ಈ ಮಾತಿನಲ್ಲಿಯೇ. ನಮ್ಮ ಪುಸ್ತಕದ ‘ಅಣು’ವಿಗೆ ಮಲಯಾಳದಲ್ಲಿ ‘ತನ್ಮಾತ್ರ’ ಎಂದು ಹೆಸರು. ‘ಸಮೀಕರಣ’ದ ಕತೆ ಇನ್ನೂ ವಿಚಿತ್ರ. ನಾವು ಸಮೀಕರಣ ಎನ್ನುವುದನ್ನು ಮಲಯಾಳದವರು ‘ಸಮವಾಕ್ಯ’ ಎನ್ನುತ್ತಾರೆ. ಅವರು ಸಮೀಕರಣ ಎಂದರೆ ಸರಿದೂಗಿಸುವ ಕೆಲಸ. ಎರಡೂ ಕಡೆ ಸಂಸ್ಕೃತ ಪದವೇ, ಅರ್ಥ ಮಾತ್ರ ಬೇರೆ. ತೀರ ಅಪರಿಚಿತ ಶಬ್ದವಾದರೆ ಮಗು ಅರ್ಥ ಕೇಳೀತು. ತನಗೆ ಗೊತ್ತಿರುವ ಶಬ್ದಕ್ಕೆ ಬೇರೊಂದು ಅರ್ಥವಿದ್ದರೆ ಕೇಳಬೇಕೆಂದೇ ತೋಚದು. ಪೇಟೆಯಲ್ಲಿ ಸರಾಗವಾಗಿ ಮಲಯಾಳ ಮಾತನಾಡುವ ಮಗುವಿಗೂ ಪಾಠದ ಮಲಯಾಳ ಹೊಸತೇ. ಕೊನೆಗೆ ಬೋರ್ಡಿನ ಮೇಲಿನ ಉತ್ತರವನ್ನು ನಕಲು ಮಾಡಿಕೊಳ್ಳುವುದೊಂದೇ ಉಳಿಯುವ ದಾರಿ. ಪರೀಕ್ಷೆಯಲ್ಲಿ ಬೇರೆ ಸಮೀಕರಣ ಬಂದರೆ ಗತಿಯೇನು? ಇದಕ್ಕಾಗಿ ಆ ಅಧ್ಯಾಪಕರನ್ನು ದೂರುವುದು ನ್ಯಾಯವಲ್ಲ. ಆದೇಶ ಬಂದಲ್ಲಿಗೆ ಅವರು ಬಂದಿದ್ದಾರೆ, ಅಷ್ಟೆ.

ಸಂವಿಧಾನವಿದೆಯಲ್ಲ ಎನ್ನುವವರುಂಟು. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯವನ್ನು ಹೇಳುತ್ತದೆ, ನಿಜ. ಆದರೆ ಅದು ಹೇಳುವುದು ಪ್ರಾಥಮಿಕ ಹಂತಕ್ಕೆ. ಸಮೀಕರಣದ ಪಾಠ ಬರುವ ಹೊತ್ತಿಗೆ ಮಗು ಆ ಹಂತ ದಾಟಿರುತ್ತದೆ! ಅಲ್ಲಿಂದ ಮುಂದೆ ನಾವು ಹೆಚ್ಚಾಗಿ ನೆಚ್ಚಬೇಕಾದದ್ದು ರಾಜ್ಯದ ನಿಯಮಗಳನ್ನು, ಅವುಗಳನ್ನು ಜಾರಿಗೊಳಿಸುವ ಕಚೇರಿಗಳನ್ನು.

ಆದುದರಿಂದ ನಮ್ಮ ಬೇಡಿಕೆ ಸಣ್ಣದು. ಅಭ್ಯರ್ಥಿಗೆ ಕನ್ನಡ ಬರುತ್ತದೆಯೇ ಎಂಬುದನ್ನು ಸರ್ಟಿಫಿಕೇಟು ನೋಡಿ ತೀರ್ಮಾನಿಸುವುದು ಬೇಡ. ಕೈಗೊಂದು ಸೀಮೆಸುಣ್ಣ ಕೊಡಿ. ಕಬ್ಬಿಣವೂ ಆಮ್ಲಜನಕವೂ ಕೂಡಿ ಕಬ್ಬಿಣದ ಆಕ್ಸೈಡ್ ಆಗುವ ಸಮೀಕರಣದಲ್ಲಿ 4, 3, 2 ಎಂಬ ಅಂಕಿಗಳು ಹೇಗೆ ಬಂದವೆಂದು ಹತ್ತು ನಿಮಿಷ ಕನ್ನಡದಲ್ಲಿ ವಿವರಿಸಲಿ. ಕೇಳಲು ಒಂಬತ್ತನೆಯ ತರಗತಿಯ ನಾಲ್ಕು ಮಕ್ಕಳನ್ನೂ ಕೂರಿಸಿ.