ಉಮೇದುವಾರ ಆವೃತ್ತಿಯನ್ನು ಪರೀಕ್ಷಿಸುವ ಹೊಣೆ ಯಾರದು?

ಗಣಕಯಂತ್ರಕ್ಕಾಗಿ ಮನುಷ್ಯನು ಬರೆದ ಕ್ರಮವಿಧಿಯು ಬರೆದ ರೂಪದಲ್ಲಿಯೇ ಯಂತ್ರಕ್ಕೆ ಅರ್ಥವಾಗುವುದಿಲ್ಲವೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿ. ಸಿ ಮುಂತಾದ ಭಾಷೆಗಳಲ್ಲಿ ಬರೆದ ಆಕರ ಕಡತಗಳನ್ನು ಕಂಪೈಲರ್ ಎಂಬ ಅನುವಾದಕವು ಯಂತ್ರಭಾಷೆಗೆ ತಿರುಗಿಸಬೇಕು. ಹಾಗೆ ತಿರುಗಿಸಿದ ತುಂಡುಗಳನ್ನು ಒಂದಕ್ಕೊಂದು ಬೆಸೆಯಬೇಕು. ಅನ್ಯರು ಬರೆದ ಭಾಗಗಳನ್ನು ತಂದು ಸೇರಿಸಬೇಕು. ಕೊನೆಗೆ ಎಲ್ಲವನ್ನೂ ಪರೀಕ್ಷಿಸಿ ಒಂದು ಕಟ್ಟಾಗಿ ಮಾಡಬೇಕು. ದೊಡ್ಡ ತಂತ್ರಾಂಶವೊಂದರಲ್ಲಿ ಇಂತಹ ಕಡತಗಳು ಸಾವಿರಗಟ್ಟಲೆ ಇರುತ್ತವೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಅನಂತರ ಮಾಡಬೇಕು, ನಿನ್ನೆ ಮಾಡಿದ್ದರಲ್ಲಿ ಯಾವುದನ್ನು ಇಂದು ಮತ್ತೆ ಮಾಡಬೇಕಾಗಿಲ್ಲ ಎಂಬುದನ್ನು ನಿರ್ಣಯಿಸಿ, ಅದರಂತೆ ಕೆಲಸವನ್ನು ನಡೆಸುವ ಮೇಸ್ತ್ರಿಯೇ ನಿರ್ಮಾಣ ಸಾಧನ. ಕಸುಬಿನವರು ಇದನ್ನು ಬಿಲ್ಡ್ ಟೂಲ್ ಎನ್ನುತ್ತಾರೆ. ಮದುವೆಮನೆಯ ಅಡುಗೆಯವನು ಹುಳಿಗೆ ಉಪ್ಪು ಸಾಲದೆಂದು ಅನ್ನವನ್ನು ಮತ್ತೆ ಬೇಯಿಸುವುದಿಲ್ಲ. ಬೇಳೆ ಬೇಯದಿರುವಾಗ ಹುಳಿಯನ್ನು ಬಡಿಸುವುದೂ ಇಲ್ಲ. ಈ ಎರಡು ಬಗೆಯ ವಿವೇಕವೇ ನಿರ್ಮಾಣ ಸಾಧನದ ಸಕಲ ವಿದ್ಯೆ.

ಈ ಸಾಧನವೂ ಒಂದು ತಂತ್ರಾಂಶವೇ ಆಗಿರುವುದರಿಂದ ಅದಕ್ಕೂ ಕಾಲಕಾಲಕ್ಕೆ ಹೊಸ ಆವೃತ್ತಿಗಳು ಬರುತ್ತವೆ. ಆಕರವನ್ನು ಎಲ್ಲರಿಗೂ ತೆರೆದಿಟ್ಟಿರುವ ಮುಕ್ತ ಸಾಧನಗಳನ್ನು ರಚಿಸುವವರು, ಹೊಸ ಆವೃತ್ತಿಯನ್ನು ಅಧಿಕೃತವಾಗಿ ಪ್ರಕಟಿಸುವ ಮುನ್ನ ಅದರ ಪ್ರತಿಯೊಂದನ್ನು ಸಾರ್ವಜನಿಕರ ಮುಂದೆ ಇಡುವುದುಂಟು. ‘ಇದರಲ್ಲಿ ಗುರುತರವಾದ ದೋಷವೇನೂ ಕಂಡುಬಾರದಿದ್ದರೆ ಇದನ್ನೇ ಬಿಡುಗಡೆ ಮಾಡುತ್ತೇವೆ’ ಎಂಬುದು ಅದರ ತಾತ್ಪರ್ಯ. ಇದಕ್ಕೆ ರಿಲೀಸ್ ಕ್ಯಾಂಡಿಡೇಟ್ ಎಂದು ಹೆಸರು. ನಾವು ಇದನ್ನು ಉಮೇದುವಾರ ಆವೃತ್ತಿ ಎಂದು ಕರೆಯೋಣ. ಈ ಉಮೇದುವಾರನನ್ನು ಪರೀಕ್ಷಿಸತಕ್ಕವರು ಯಾರು? ರಚಿಸಿದವರೇ ಪರೀಕ್ಷಿಸಲಿ, ನಾವು ಪಕ್ವವಾದದ್ದನ್ನು ಪಡೆದುಕೊಳ್ಳೋಣ ಎಂಬುದು ಹೆಚ್ಚಿನವರ ಧೋರಣೆ. ಈ ಧೋರಣೆ ತಪ್ಪೆಂಬುದನ್ನೂ, ಸಾಧನವನ್ನು ಬಳಸುವವರೇ ಅದರ ನಿಜವಾದ ಪರೀಕ್ಷಕರೆಂಬುದನ್ನೂ, ಕನ್ನಡಿಗರಾದ ನಮಗಂತೂ ಈ ವಿಷಯದಲ್ಲಿ ವಿಶೇಷವಾದ ಹೊಣೆ ಇರುವುದೆಂಬುದನ್ನೂ ತೋರಿಸುವುದೇ ಈ ಲೇಖನದ ಉದ್ದೇಶ.

ಇಂತಹ ಸಾಧನಗಳಲ್ಲಿ ಹಿರಿಯದಾದ ‘ಮೇಕ್’ ಹುಟ್ಟಿದ್ದು ೧೯೭೬ರಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. ಅಲ್ಲಿನ ಸ್ಟೀವ್ ಜಾನ್ಸನ್ ಎಂಬವರು ಒಂದು ಕ್ರಮವಿಧಿಯ ದೋಷವನ್ನು ತಿದ್ದಿದ್ದರೂ, ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡದೆ ಉಳಿದಿದ್ದುದರಿಂದ, ಸರಿಯಾಗಿಯೇ ಇದ್ದ ಕ್ರಮವಿಧಿಯಲ್ಲಿ ತಪ್ಪನ್ನು ಹುಡುಕುತ್ತ ಒಂದು ಬೆಳಗನ್ನೆಲ್ಲ ಕಳೆದರು. ಅವರ ಈ ಪಾಡನ್ನು ಕೇಳಿದ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಅವರು ಆ ವಾರದ ಕೊನೆಯಲ್ಲಿ ಕುಳಿತು ಮೇಕ್ ಸಾಧನದ ಮೊದಲ ರೂಪವನ್ನು ರಚಿಸಿದರು. ಅದರ ಯುಕ್ತಿ ಸರಳವಾದುದು. ಯಾವ ಕಡತವು ಯಾವುದನ್ನು ಅವಲಂಬಿಸಿದೆ ಎಂಬ ಪಟ್ಟಿಯೊಂದನ್ನು ಬರೆದಿಡುವುದು; ಆಕರ ಕಡತದ ಕಾಲಮುದ್ರೆಯು ಅದರಿಂದ ಸಿದ್ಧಗೊಂಡ ಕಡತದ ಕಾಲಮುದ್ರೆಗಿಂತ ಈಚಿನದಾಗಿದ್ದರೆ ಅದೊಂದನ್ನು ಮಾತ್ರ ಮತ್ತೆ ಸಿದ್ಧಗೊಳಿಸುವುದು. ಈ ಕೃತಿಗಾಗಿ ಅವರಿಗೆ ೨೦೦೩ರ ಎಸಿಎಂ ತಂತ್ರಾಂಶ ವ್ಯವಸ್ಥಾ ಪ್ರಶಸ್ತಿ ಸಂದಿತು.

ಈ ಕೀರ್ತಿವಂತ ಸಾಧನದಲ್ಲಿಯೇ ನಮಗೆ ಬೇಕಾದ ಪಾಠವೊಂದಿದೆ. ಮೇಕ್‌ನ ಪಟ್ಟಿಯಲ್ಲಿ ಆಜ್ಞೆಯ ಸಾಲು ಟ್ಯಾಬ್ ಎಂಬ ಕೀಲಿಯಿಂದ ಮೂಡುವ ಅಂತರದೊಡನೆ ಆರಂಭವಾಗತಕ್ಕದ್ದು. ಅದರ ಬದಲು ಎಂಟು ಬಿಡಿ ಅಂತರಗಳನ್ನಿಟ್ಟರೆ ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಸಾಧನವು ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಇದು ಅನುಚಿತವಾದ ನಿಯಮವೆಂದು ಫೆಲ್ಡ್‌ಮನ್ ಅವರಿಗೂ ಬೇಗನೆ ಹೊಳೆಯಿತು. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿಯಷ್ಟು ಬಳಕೆದಾರರು ಆಗಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಅವರು ಅದನ್ನು ತಿದ್ದಲಿಲ್ಲ. ಬೇರೆ ಚಿಹ್ನೆಯನ್ನು ಆರಿಸಿಕೊಳ್ಳುವ ಸೌಕರ್ಯವು ೨೦೧೦ರಲ್ಲಿ ಗ್ನೂ ಸಂಸ್ಥೆಯ ಮೇಕ್‌ಗೆ ಬಂದಿತಾದರೂ, ಮೂಲನಿಯಮ ಇಂದಿಗೂ ಹಾಗೆಯೇ ಇದೆ. ಹನ್ನೆರಡು ಮಂದಿಗೆ ಒಂದು ದಿನ ಆಗಬಹುದಾಗಿದ್ದ ಅನಾನುಕೂಲವನ್ನು ತಪ್ಪಿಸಹೋಗಿ, ಅರ್ಧ ಶತಮಾನದಷ್ಟು ಕಾಲ ವಿದ್ಯಾರ್ಥಿಗಳ ಪೀಳಿಗೆ ಪೀಳಿಗೆಗಳೇ ತೊಡಕಿಗೆ ಸಿಕ್ಕಿದವು. ದೋಷವು ಬಳಕೆಗೆ ಬಂದ ಮೇಲೆ ಅದು ದೋಷವಾಗಿ ಉಳಿಯುವುದಿಲ್ಲ, ಸಂಪ್ರದಾಯವಾಗುತ್ತದೆ. ಆದುದರಿಂದ ಅದನ್ನು ಹಿಡಿಯತಕ್ಕ ಕಾಲ ಬಿಡುಗಡೆಗೆ ಮೊದಲಿನ ಕಾಲವೇ.

ಉಮೇದುವಾರ ಆವೃತ್ತಿಯ ಪದ್ಧತಿ ಏರ್ಪಟ್ಟಿರುವುದು ಇದಕ್ಕಾಗಿಯೇ. ಜಾವಾ ಭಾಷೆಯ ಕೆಲಸಗಳಿಗೆ ಬಹಳವಾಗಿ ಬಳಕೆಯಲ್ಲಿರುವ ‘ಮೇವನ್’ ಸಾಧನವನ್ನು ತೆಗೆದುಕೊಳ್ಳೋಣ. ಇದು ಅಪಾಚೆ ತಂತ್ರಾಂಶ ಪ್ರತಿಷ್ಠಾನಕ್ಕೆ ಸೇರಿದುದು. ಅಲ್ಲಿ ಯಾವ ಬಿಡುಗಡೆಯಾದರೂ ಮತದಾನದ ಮೂಲಕವೇ ನಡೆಯತಕ್ಕದ್ದು. ಸಿದ್ಧಗೊಂಡ ಕಡತಗಳನ್ನು ಎಲ್ಲರೂ ನೋಡುವಂತೆ ಇಟ್ಟು, ಸಾಮಾನ್ಯವಾಗಿ ಕನಿಷ್ಠ ೭೨ ಗಂಟೆಗಳ ಕಾಲ ಮತಗಳಿಗಾಗಿ ಕಾಯುತ್ತಾರೆ. ಯೋಜನಾ ನಿರ್ವಹಣ ಸಮಿತಿಯ ಮೂವರಾದರೂ ಒಪ್ಪಬೇಕು. ಒಪ್ಪಿದವರ ಸಂಖ್ಯೆ ಒಪ್ಪದವರ ಸಂಖ್ಯೆಗಿಂತ ಹೆಚ್ಚಾಗಿರಬೇಕು. ಸಮಿತಿಯ ಹೊರಗಿನವರ ಮತಕ್ಕೆ ನಿಯಮದ ಬಲವಿಲ್ಲವಾದರೂ, ಪರೀಕ್ಷಿಸಿ ನೋಡಿ ಅಭಿಪ್ರಾಯ ಹೇಳಲು ಯಾರಿಗೂ ಅಡ್ಡಿಯಿಲ್ಲ. ಹೊರಗಿನವನೊಬ್ಬನು ಹಿಡಿದ ದೋಷದಿಂದ ಮತದಾನವೇ ನಿಂತು, ಹೊಸ ಪ್ರತಿಯನ್ನು ಸಿದ್ಧಪಡಿಸಬೇಕಾಗಿ ಬರಬಹುದು. ಇಷ್ಟೊಂದು ಕಟ್ಟುನಿಟ್ಟು ಏತಕ್ಕೆಂದರೆ, ಮೇವನ್‌ನ ಕೇಂದ್ರ ಭಂಡಾರಕ್ಕೆ ಒಮ್ಮೆ ಸೇರಿದ ಆವೃತ್ತಿಯನ್ನು ಬದಲಾಯಿಸುವಂತಿಲ್ಲ, ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ತಪ್ಪಾದರೆ ಮುಂದಿನ ಸಂಖ್ಯೆಯ ಆವೃತ್ತಿಯಲ್ಲಿ ತಿದ್ದಬಹುದೇ ಹೊರತು ಅದೇ ಸಂಖ್ಯೆಯಲ್ಲಿ ಅಲ್ಲ. ಮೇವನ್ ೪.೦ರ ಮೊದಲನೆಯ ಉಮೇದುವಾರ ಆವೃತ್ತಿ ೨೦೨೪ರ ಡಿಸೆಂಬರಿನಲ್ಲಿ ಬಂದಿತು; ಮರುವರ್ಷ ಇನ್ನೂ ಹಲವು ಬಂದವು. ಮೇವನ್ ೩.೦ ಬಂದದ್ದು ೨೦೧೦ರಲ್ಲಿ. ಹದಿನಾಲ್ಕು ವರ್ಷಗಳ ಬಳಿಕ ಮೈಬದಲಿಸುವ ಸಾಧನವು ಒಂದೇ ನೆಗೆತದಲ್ಲಿ ಹೊರಬೀಳದಿದ್ದುದು ವಿವೇಕವೇ.

ರಚಿಸಿದವರು ತಾವೇ ಪರೀಕ್ಷಿಸಿದರೆ ಸಾಲದೆ ಎಂದು ಕೇಳಬಹುದು. ಅವರು ಪರೀಕ್ಷಿಸುವುದೇನೋ ನಿಜ. ಆದರೆ ಲೆಕ್ಕವೊಂದನ್ನು ನೋಡಿ. ಸಾಧನವು ಮೂರು ಬಗೆಯ ಕಾರ್ಯವ್ಯವಸ್ಥೆಗಳಲ್ಲಿ, ಎರಡು ಬಗೆಯ ಸಂಸ್ಕಾರಕಗಳ ಮೇಲೆ, ಐದು ಕಂಪೈಲರುಗಳೊಡನೆ, ಪ್ರತಿಯೊಂದರ ನಾಲ್ಕು ಆವೃತ್ತಿಗಳೊಡನೆ ಕೆಲಸ ಮಾಡಬೇಕೆಂದಿಟ್ಟುಕೊಂಡರೆ ೧೨೦ ಸಂಯೋಜನೆಗಳಾದವು. ಹತ್ತು ಹೆಚ್ಚುವರಿ ಅಂಗಗಳಿದ್ದು, ಪ್ರತಿಯೊಂದನ್ನೂ ಬಳಸಲೂಬಹುದು ಬಿಡಲೂಬಹುದು ಎಂದಾದರೆ, ಅವುಗಳಿಂದ ೧,೦೨೪ ಬಗೆಗಳು. ಎರಡನ್ನೂ ಗುಣಿಸಿದರೆ ೧,೨೨,೮೮೦. ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವ ಕೆಲವು ಮಂದಿ ಇಷ್ಟನ್ನೂ ನೋಡಲಾರರು. ಆದರೆ ಬಳಸುವವರಲ್ಲಿ ಪ್ರತಿಯೊಬ್ಬನ ಮೇಜಿನ ಮೇಲೂ ಇವುಗಳಲ್ಲಿ ಒಂದು ಸಂಯೋಜನೆ, ಯಾವ ಖರ್ಚೂ ಇಲ್ಲದೆ, ಸಿದ್ಧವಾಗಿಯೇ ಇರುತ್ತದೆ. ಲೋಕದಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಇನ್ನಾವುದಿದೆ?

ಈ ಪ್ರಯೋಗಶಾಲೆಯನ್ನು ಉಪಯೋಗಿಸದಿದ್ದರೆ ಏನಾಗುವುದೆಂಬುದಕ್ಕೆ ‘ಸಿಮೇಕ್’ ಸಾಧನದ ಇತ್ತೀಚಿನ ಕಥೆಯೇ ಸಾಕ್ಷಿ. ಅಮೆರಿಕದ ಕಿಟ್‌ವೇರ್ ಸಂಸ್ಥೆಯಲ್ಲಿ ಹುಟ್ಟಿ, ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳ ಕೆಲಸಕ್ಕೆ ಎಲ್ಲೆಡೆಯೂ ಹಬ್ಬಿದ ಸಾಧನವಿದು. ಇದನ್ನು ಬಳಸುವ ಪ್ರತಿಯೊಂದು ಯೋಜನೆಯೂ ತನಗೆ ಬೇಕಾದ ಕನಿಷ್ಠ ಆವೃತ್ತಿ ಯಾವುದೆಂದು ತನ್ನ ಪಟ್ಟಿಯ ಆರಂಭದಲ್ಲಿ ಹೇಳಿಕೊಳ್ಳಬೇಕು. ೩.೫ಕ್ಕಿಂತ ಹಳೆಯ ಆವೃತ್ತಿಗಳೊಡನೆ ಹೊಂದಿಕೆಯನ್ನು ಮುಂದೆ ಕೈಬಿಡಲಾಗುವುದೆಂದು ೨೦೨೩ರಲ್ಲಿ ಬಂದ ೩.೨೭ನೆಯ ಆವೃತ್ತಿಯಿಂದಲೇ ಎಚ್ಚರಿಕೆ ಮೂಡುತ್ತಿದ್ದಿತು. ಅನಂತರ ೪.೦ರ ಉಮೇದುವಾರ ಆವೃತ್ತಿಗಳು ಬಂದವು. ೨೦೨೫ರ ಮಾರ್ಚಿ ತಿಂಗಳ ಕೊನೆಗೆ ೪.೦ ಬಿಡುಗಡೆಯಾಯಿತು. ಅತ್ಯಂತ ಹೊಸದು ಯಾವುದೋ ಅದನ್ನೇ ತಾನಾಗಿ ತಂದುಕೊಳ್ಳುವಂತೆ ಏರ್ಪಾಡಾಗಿದ್ದ ಕಡೆಗಳಲ್ಲೆಲ್ಲ, ಹಿಂದಿನ ದಿನ ಸರಾಗವಾಗಿ ನಡೆದ ಕೆಲಸ ಮರುದಿನ ನಿಂತುಹೋಯಿತು. ಎಷ್ಟೋ ವರ್ಷಗಳಿಂದ ಯಾರೂ ಮುಟ್ಟದಿದ್ದ ಒಂದೇ ಒಂದು ಸಾಲು ಅದಕ್ಕೆ ಕಾರಣ. ತನ್ನ ಯೋಜನೆ ಸರಿಯಾಗಿದ್ದರೂ, ತಾನು ನೆಚ್ಚಿದ ಅನ್ಯರ ಭಾಗದಲ್ಲಿ ಆ ಹಳೆಯ ಸಾಲು ಉಳಿದಿದ್ದವರ ಪಾಡೂ ಅದೇ ಆಯಿತು. ಇಲ್ಲಿ ಸಾಧನದ ರಚಕರನ್ನು ದೂರುವುದು ನ್ಯಾಯವಲ್ಲ. ಅವರು ಮುಂಚಿತವಾಗಿ ಹೇಳಿದರು, ಉಮೇದುವಾರನನ್ನೂ ಮುಂದಿಟ್ಟರು. ಉಮೇದುವಾರನನ್ನು ತಮ್ಮ ಕೆಲಸದ ಮೇಲೆ ಒಮ್ಮೆ ಓಡಿಸಿ ನೋಡಿದವರಿಗೆ ಹತ್ತು ನಿಮಿಷಗಳಲ್ಲಿ ತಿಳಿಯುತ್ತಿದ್ದ ಸಂಗತಿಯು ಉಳಿದವರಿಗೆ ಕೆಲಸ ಕೆಟ್ಟ ಮೇಲೆ ತಿಳಿಯಿತು.

ಇದಕ್ಕೆ ಬರುವ ಆಕ್ಷೇಪಗಳನ್ನೂ ವಿಚಾರಿಸೋಣ. ಪಕ್ವವಾಗದ ಸಾಧನದಿಂದ ನಮ್ಮ ಕೆಲಸ ಕೆಡಬಹುದೆಂಬುದು ಒಂದು. ನಿಜ, ಆದುದರಿಂದಲೇ ಪರೀಕ್ಷೆಯನ್ನು ಕೆಲಸದ ನಕಲಿನ ಮೇಲೆ ಮಾಡಬೇಕೇ ಹೊರತು ಮೂಲದ ಮೇಲಲ್ಲ. ಸಮಯವಿಲ್ಲವೆಂಬುದು ಇನ್ನೊಂದು. ಬಿಡುಗಡೆಗೆ ಮೊದಲು ಕೊಡದ ಗಂಟೆಯನ್ನು ಬಿಡುಗಡೆಯಾದ ಮೇಲೆ ದಿನಗಳ ಲೆಕ್ಕದಲ್ಲಿ ಕೊಡಬೇಕಾಗುವುದೆಂಬುದೇ ಅದಕ್ಕೆ ಉತ್ತರ. ದೋಷವಿಲ್ಲದ್ದನ್ನು ಕೊಡುವುದು ರಚಿಸಿದವರ ಕರ್ತವ್ಯವೆಂಬುದು ಮೂರನೆಯದು. ಹಣ ಕೊಟ್ಟು ಕೊಂಡ ಸರಕಿಗೆ ಈ ಮಾತು ಸಲ್ಲಬಹುದು. ಮುಕ್ತ ತಂತ್ರಾಂಶದ ಪರವಾನಗಿಗಳಾದರೋ, ಇದನ್ನು ಇದ್ದಂತೆಯೇ ಕೊಡಲಾಗಿದೆ, ಯಾವ ಭರವಸೆಯೂ ಇಲ್ಲ ಎಂದು ಸ್ಪಷ್ಟವಾಗಿ ಸಾರುತ್ತವೆ. ಊರ ಕೆರೆಯ ನೀರನ್ನು ಬಳಸುವವರು ಹೂಳೆತ್ತುವ ದಿನ ಮನೆಯಲ್ಲಿ ಕುಳಿತರೆ ಆಗುವುದಿಲ್ಲ. ಹಾಗೆಂದು ರಚಕರ ಕಡೆಗೆ ಹೊಣೆಯೇ ಇಲ್ಲವೆಂದಲ್ಲ. ಉಮೇದುವಾರ ಆವೃತ್ತಿಗೆ ಸಾಕಷ್ಟು ಕಾಲ ಕೊಡುವುದು, ಆ ಕಾಲದಲ್ಲಿ ಹೊಸ ಸೌಕರ್ಯಗಳನ್ನು ತುರುಕದಿರುವುದು, ಬಂದ ವರದಿಗೆ ಉತ್ತರ ಕೊಡುವುದು ಅವರ ಕರ್ತವ್ಯ. ಮೂರು ದಿನಗಳ ಮತದಾನವು ಸಣ್ಣ ತಿದ್ದುಪಡಿಗೆ ಸಾಕು. ದೊಡ್ಡ ಬದಲಾವಣೆಗೆ ಅದು ಸಾಲದೆಂಬುದೇ ನಮ್ಮ ಅಭಿಪ್ರಾಯ.

ಪರೀಕ್ಷಿಸುವ ಕ್ರಮವೇನೂ ಕಠಿನವಲ್ಲ. ಮೊದಲು ಹಳೆಯ ಸಾಧನದಿಂದ ಕೆಲಸವನ್ನು ಪೂರ್ಣವಾಗಿ ಕಟ್ಟಿ, ಫಲವನ್ನು ಬೇರೆ ಇಡಬೇಕು. ಅನಂತರ ಅದೇ ಆಕರವನ್ನು ಉಮೇದುವಾರ ಸಾಧನದಿಂದ ಕಟ್ಟಿ, ಎರಡು ಫಲಗಳನ್ನೂ ಹೋಲಿಸಬೇಕು. ಕಾಲಮುದ್ರೆಯಂತಹ ನಿರುಪದ್ರವಿ ವ್ಯತ್ಯಾಸಗಳನ್ನು ಬಿಟ್ಟರೆ ಉಳಿದುದೆಲ್ಲ ಒಂದೇ ಆಗಿರಬೇಕು. ಏನನ್ನೂ ಬದಲಿಸದೆ ಎರಡನೆಯ ಸಲ ಓಡಿಸಿದಾಗ ಸಾಧನವು ಏನನ್ನೂ ಮತ್ತೆ ಕಟ್ಟಬಾರದು. ಒಂದೇ ಕಡತವನ್ನು ತಿದ್ದಿ ಓಡಿಸಿದರೆ ಅದನ್ನು ಅವಲಂಬಿಸಿದವುಗಳನ್ನು ಮಾತ್ರ ಕಟ್ಟಬೇಕು, ಅವುಗಳಲ್ಲಿ ಯಾವುದನ್ನೂ ಬಿಡಬಾರದು. ದೋಷ ಕಂಡರೆ, ಅದನ್ನು ತೋರಿಸುವ ಅತಿ ಚಿಕ್ಕ ಉದಾಹರಣೆಯೊಡನೆ, ಸಾಧನದ ಮತ್ತು ಕಾರ್ಯವ್ಯವಸ್ಥೆಯ ಆವೃತ್ತಿಗಳನ್ನು ನಮೂದಿಸಿ ತಿಳಿಸಬೇಕು. ದೋಷ ಕಾಣದಿದ್ದರೆ ಅದನ್ನೂ ತಿಳಿಸಬೇಕು. ‘ಇಂತಹ ಕಡೆ ಸರಿಯಾಗಿ ನಡೆಯಿತು’ ಎಂಬುದೂ ಪ್ರಯೋಗದ ಫಲವೇ.

ಇನ್ನು ಕನ್ನಡಿಗರ ವಿಶೇಷ ಹೊಣೆಯ ಮಾತು. ನಿರ್ಮಾಣ ಸಾಧನದ ಕೆಲಸವೆಲ್ಲ ಕಡತಗಳ ಹೆಸರುಗಳನ್ನು ಹೋಲಿಸುವುದರ ಮೇಲೆ ನಿಂತಿದೆ. ‘ಕೊಡಗು’ ಎಂಬ ಹೆಸರಿನ ಕಡತವೊಂದಿದೆ ಎನ್ನೋಣ. ಯೂನಿಕೋಡ್ ಸಂಕೇತದಲ್ಲಿ ಇದರ ಒಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂದು ಎರಡಾಗಿ ಒಡೆದೂ ಬರೆಯಬಹುದು. ಯೂನಿಕೋಡ್ ನಿಯಮದಂತೆ ಇವೆರಡೂ ಸಮಾನ, ಕಣ್ಣಿಗೂ ಭೇದವಿಲ್ಲ. ಆದರೆ ಯುಟಿಎಫ್-೮ ಪದ್ಧತಿಯಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟುಗಳಾಗುವುದರಿಂದ, ಮೊದಲನೆಯ ರೂಪಕ್ಕೆ ೧೫ ಬೈಟುಗಳು, ಎರಡನೆಯದಕ್ಕೆ ೧೮. ಆಪಲ್ ಸಂಸ್ಥೆಯ ಎಚ್‌ಎಫ್‌ಎಸ್ ಪ್ಲಸ್ ಎಂಬ ಹಳೆಯ ಕಡತವ್ಯವಸ್ಥೆ ಹೆಸರುಗಳನ್ನು ಒಡೆದ ರೂಪದಲ್ಲಿ ಇಡುತ್ತಿದ್ದಿತು. ಲಿನಕ್ಸ್ ಸಾಮಾನ್ಯವಾಗಿ ಕೊಟ್ಟ ರೂಪದಲ್ಲಿಯೇ ಇಡುತ್ತದೆ. ಬೈಟುಗಳನ್ನಷ್ಟೇ ಹೋಲಿಸುವ ಸಾಧನಕ್ಕೆ ಇವು ಎರಡು ಬೇರೆ ಬೇರೆ ಕಡತಗಳು. ಅದು ಕಣ್ಣೆದುರಿಗಿರುವ ಕಡತವನ್ನು ಇಲ್ಲವೆನ್ನಬಹುದು, ಅಥವಾ ಕಟ್ಟಿದ್ದನ್ನೇ ಮತ್ತೆ ಮತ್ತೆ ಕಟ್ಟಬಹುದು. ಇಂಗ್ಲಿಷ್ ಹೆಸರುಗಳನ್ನೇ ಬಳಸುವ ರಚಕನಿಗೆ ಈ ದೋಷ ಕನಸಿನಲ್ಲಿಯೂ ಕಾಣಲಾರದು. ನಿಘಂಟು, ಪಠ್ಯಪುಸ್ತಕ, ಧ್ವನಿಸಂಗ್ರಹ ಮೊದಲಾದ ಕನ್ನಡದ ಸಾಮಗ್ರಿಗೆ ಕನ್ನಡದಲ್ಲಿಯೇ ಹೆಸರಿಟ್ಟು ಕೆಲಸ ಮಾಡಬೇಕೆನ್ನುವವರು ನಾವು. ನಾವೇ ಪರೀಕ್ಷಿಸದಿದ್ದರೆ ನಮಗಾಗಿ ಇದನ್ನು ಬೇರೆ ಯಾರು ಪರೀಕ್ಷಿಸುತ್ತಾರೆ?

ತಂತ್ರಾಂಶದ ಕೆಲಸಕ್ಕೆ ಬೆಂಗಳೂರು ಜಗತ್ತಿನಲ್ಲಿ ಹೆಸರಾದ ಊರು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಯುವ ವಿದ್ಯಾರ್ಥಿಗಳೂ ಅಸಂಖ್ಯರು. ಒಂದು ಕಾಲೇಜಿನ ಪ್ರಯೋಗಶಾಲೆಯು ವರ್ಷಕ್ಕೆ ಎರಡು ಉಮೇದುವಾರ ಆವೃತ್ತಿಗಳನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸಿ ವರದಿ ಕಳುಹಿಸುವುದನ್ನು ಪಾಠದ ಅಂಗವಾಗಿ ಇಟ್ಟುಕೊಂಡರೆ, ಬರೆದ ಉತ್ತರವನ್ನು ಉರುಹೊಡೆದು ಒಪ್ಪಿಸುವ ಅಭ್ಯಾಸಕ್ಕಿಂತ ಹೆಚ್ಚಿನ ವಿದ್ಯೆ ದೊರೆಯುವುದರಲ್ಲಿ ಸಂದೇಹವಿಲ್ಲ. ಸಂಸ್ಥೆಗಳು ತಮ್ಮ ನೌಕರರಿಗೆ ಇದಕ್ಕಾಗಿ ತಿಂಗಳಿಗೆ ಅರ್ಧ ದಿನವನ್ನು ಬಿಟ್ಟುಕೊಟ್ಟರೆ ನಷ್ಟಕ್ಕಿಂತ ಲಾಭವೇ ಹೆಚ್ಚು. ಉಮೇದುವಾರನು ಎದುರಿಗೆ ಬಂದು ನಿಂತಾಗ ಮೌನವಾಗಿದ್ದು, ಗೆದ್ದ ಮೇಲೆ ಅವನ ಗುಣದೋಷಗಳನ್ನು ಎಣಿಸುವುದು ಪ್ರಜೆಯ ಲಕ್ಷಣವೂ ಅಲ್ಲ, ವಿಜ್ಞಾನಿಯ ಲಕ್ಷಣವೂ ಅಲ್ಲ.