ಏರ್‌ಬ್ಯಾಗೂ ಗಿರಾಕಿಯ ಆಯ್ಕೆಯೂ

ಹೊಸ ಕಾರುಗಳಲ್ಲಿ ಆರು ಏರ್‌ಬ್ಯಾಗುಗಳಿರತಕ್ಕದ್ದೆಂದು ಕೇಂದ್ರ ಸರ್ಕಾರವು 2022ರ ಜನವರಿಯಲ್ಲಿ ಕರಡು ನಿಯಮ ಹೊರಡಿಸಿತು. ಮುಂದಿನ ಎರಡು ಆಗಲೇ ಕಡ್ಡಾಯವಾಗಿದ್ದವು. ಉಳಿದ ನಾಲ್ಕು ಪಕ್ಕದ ಹೊಡೆತದಿಂದ ಕಾಯತಕ್ಕವು, ಹಿಂದೆ ಕುಳಿತವರ ತಲೆಯನ್ನೂ. ನಿಯಮವು ಒಂದು ವರ್ಷ ಮುಂದೆ ಹೋಯಿತು. 2023ರ ಸೆಪ್ಟೆಂಬರಿನಲ್ಲಿ ಕಡ್ಡಾಯವೇ ಬೇಡವೆಂದಾಯಿತು.

ಬೆಲೆಯೇರಿದರೆ ಸಾಮಾನ್ಯ ಗೃಹಸ್ಥನು ಕಾರಿನಾಸೆ ಬಿಟ್ಟು ಹೆಂಡತಿ ಮಕ್ಕಳನ್ನು ಸ್ಕೂಟರಿನ ಮೇಲೆಯೇ ಕರೆದೊಯ್ಯುತ್ತಾನೆ, ಅಪಾಯ ಇನ್ನೂ ಹೆಚ್ಚುತ್ತದೆ ಎಂಬುದು ತಯಾರಕರ ವಾದ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇದರ ಬೆನ್ನಿಗೇ ಬರುವ ‘ಗಿರಾಕಿಯ ಆಯ್ಕೆ’ ಎಂಬ ಮಾತು ನನಗೆ ಒಪ್ಪಿಗೆಯಾಗದು. ಆಯ್ಕೆಯೆಲ್ಲಿತ್ತು? ಹೆಚ್ಚಿನ ಏರ್‌ಬ್ಯಾಗು ಬೇಕೆಂದವನು ಬಹುಮಟ್ಟಿಗೆ ಮೇಲ್ದರ್ಜೆಯ ಮಾದರಿಯನ್ನೇ, ಅದರೊಡನೆ ದೊಡ್ಡ ಪರದೆಯನ್ನೂ ಬೆಡಗಿನ ಚಕ್ರಗಳನ್ನೂ ಕೊಳ್ಳಬೇಕಾಗಿತ್ತು. ಪ್ರಾಣ ಕಾಯುವ ಸಾಧನವನ್ನು ಸೊಗಸಿನ ಸಾಮಾನಿನೊಡನೆ ಗಂಟುಹಾಕಿ ಮಾರಿ, ಬಳಿಕ ಗಿರಾಕಿಗೆ ಅದು ಬೇಡವಾಗಿತ್ತೆನ್ನುವುದು ಎಲ್ಲಿಯ ನ್ಯಾಯ? ಮೇಲಾಗಿ ಹಣ ಕೊಡುವವನೊಬ್ಬ, ಹಿಂದಿನ ಆಸನದಲ್ಲಿ ಕೂರುವವರು ಬೇರೆ. ಷೋರೂಮಿನ ಚೌಕಾಶಿಯಲ್ಲಿ ಅಜ್ಜಿಯನ್ನೂ ಮೊಮ್ಮಕ್ಕಳನ್ನೂ ಕೇಳಿದವರುಂಟೇ? (ಸೀಟ್ ಬೆಲ್ಟು ಕಟ್ಟದವನಿಗೆ ಏರ್‌ಬ್ಯಾಗೂ ಪೂರ್ತಿ ನೆರವಾಗದೆಂಬುದು ಬೇರೆ ಮಾತು.)

ಬೆಲೆಯದೇ ಚಿಂತೆಯಾದರೆ ಸರ್ಕಾರವು ಆ ಸಾಧನಗಳ ಮೇಲಿನ ತೆರಿಗೆಯನ್ನಿಳಿಸಬಹುದಿತ್ತು, ನಿಯಮವನ್ನೇ ಕೈಬಿಡಬೇಕಾಗಿರಲಿಲ್ಲ.