ಮೊದಲ ಆರು ಗಂಟೆ

ಸಾವಿನ ಮನೆಯಲ್ಲಿ ಗೀತೆಯ ಎರಡನೆಯ ಅಧ್ಯಾಯದ ಮಾತು ಕಿವಿಗೆ ಬೀಳದೇ ಇರುವುದು ಅಪರೂಪ. ದೇಹ ಹಳೆಯ ಬಟ್ಟೆ, ಜೀವ ಅದನ್ನು ಕಳಚಿಟ್ಟು ಹೊರಟಿದೆ ಎಂದು ಹಿರಿಯರೊಬ್ಬರು ಸಮಾಧಾನ ಹೇಳುತ್ತಾರೆ, ಕೂತವರು ತಲೆದೂಗುತ್ತಾರೆ. ಅದೇ ಹೊತ್ತಿಗೆ ಯಾರಾದರೂ ಮೆಲ್ಲಗೆ ‘ಕಣ್ಣು ದಾನ ಮಾಡಬಹುದಲ್ಲ’ ಎಂದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಬೇಡಪ್ಪ, ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟಿದರೆ?’ ಎಂಬ ಅಂಜಿಕೆ ಹೊರಬರುತ್ತದೆ. ದುಃಖದಲ್ಲಿರುವವರ ಬಾಯಿಂದ ಬಂದ ಮಾತು. ಮೂಢನಂಬಿಕೆ ಎಂದು ಜರಿಯುವುದು ಸಲ್ಲ. ಆದರೆ ಈ ಅಂಜಿಕೆಗೆ ಆಧಾರವೆಂದು ನಾವು ನಂಬಿರುವ ಶಾಸ್ತ್ರವೇ ಅದನ್ನು ಒಪ್ಪುವುದಿಲ್ಲ.

ನಮ್ಮ ದರ್ಶನಗಳಲ್ಲಿ ಇಂದ್ರಿಯ ಬೇರೆ, ಗೋಲಕ ಬೇರೆ. ನೋಡುವ ಶಕ್ತಿ ಇಂದ್ರಿಯ. ಅದು ಸೂಕ್ಷ್ಮಶರೀರಕ್ಕೆ ಸೇರಿದ್ದು. ಮುಖದಲ್ಲಿ ಕಾಣುವ ಕಣ್ಣುಗುಡ್ಡೆ ಅದು ನೆಲೆಸುವ ಗೋಲಕ ಮಾತ್ರ. ಗಾಳಿ ಹೂವಿನ ಪರಿಮಳವನ್ನು ಒಯ್ಯುವಂತೆ ಜೀವ ಇಂದ್ರಿಯಗಳನ್ನು ಜೊತೆಗೇ ಒಯ್ಯುತ್ತದೆ ಎಂದು ಗೀತೆಯ ಹದಿನೈದನೆಯ ಅಧ್ಯಾಯ ಹೇಳುತ್ತದೆ. ಗೋಲಕ ಇಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಚಿತೆಯಲ್ಲಿ ಕಣ್ಣು ಸುಟ್ಟುಹೋದ ಪ್ರತಿಯೊಬ್ಬರೂ ಕುರುಡರಾಗಿಯೇ ಹುಟ್ಟಬೇಕಿತ್ತು. ಆತ್ಮದ ಸ್ವರೂಪದ ಬಗ್ಗೆ ಶಂಕರ, ರಾಮಾನುಜ, ಮಧ್ವರಿಗೆ ಒಮ್ಮತವಿಲ್ಲ. ಆದರೆ ಈ ಸ್ಥೂಲದೇಹ ಆತ್ಮವಲ್ಲ ಎಂಬಲ್ಲಿ ಮೂವರದೂ ಒಂದೇ ಮಾತು. ಶಂಕರರು ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲಿ ಅಧ್ಯಾಸವನ್ನು ವಿವರಿಸುವಾಗ ‘ನಾನು ಕಿವುಡ, ನಾನು ಕುರುಡ’ ಎಂದುಕೊಳ್ಳುವುದನ್ನೇ ಉದಾಹರಣೆಯಾಗಿ ಕೊಡುತ್ತಾರೆ. ಇಂದ್ರಿಯದ ಕುಂದನ್ನು ಆತ್ಮಕ್ಕೆ ಅಂಟಿಸುವುದೇ ಅವರ ಪ್ರಕಾರ ಮೂಲ ತಪ್ಪು.

ಛಾಂದೋಗ್ಯ ಉಪನಿಷತ್ತಿನ ಎಂಟನೆಯ ಅಧ್ಯಾಯ ಇನ್ನೂ ನಿಷ್ಠುರ. ದೇವತೆಗಳಿಂದ ಇಂದ್ರ, ಅಸುರರಿಂದ ವಿರೋಚನ ಆತ್ಮವನ್ನು ತಿಳಿಯಲು ಪ್ರಜಾಪತಿಯ ಬಳಿಗೆ ಬರುತ್ತಾರೆ. ಕಣ್ಣೊಳಗೆ ಕಾಣುವ ಪುರುಷನೇ ಆತ್ಮ ಎಂದು ಪ್ರಜಾಪತಿ ಮೊದಲು ಹೇಳುತ್ತಾನೆ. ನೀರಿನಲ್ಲಿ ತಮ್ಮ ಬಿಂಬ ನೋಡಿಕೊಳ್ಳಲು ಹಚ್ಚುತ್ತಾನೆ. ವಿರೋಚನ ಅಷ್ಟಕ್ಕೇ ತೃಪ್ತನಾಗಿ, ದೇಹವೇ ಆತ್ಮ ಎಂದು ತನ್ನವರಿಗೆ ಸಾರಲು ಹೊರಡುತ್ತಾನೆ. ಇಂದ್ರನಿಗೆ ಮಾತ್ರ ಅರ್ಧ ದಾರಿಯಲ್ಲಿ ಸಂಶಯ ಬರುತ್ತದೆ: ದೇಹ ಕುರುಡಾದರೆ ಈ ಆತ್ಮವೂ ಕುರುಡಾಗಬೇಕು, ದೇಹ ಅಳಿದರೆ ಇದೂ ಅಳಿಯಬೇಕು, ಇದರಲ್ಲೇನು ಹಿತವಿದೆ? ಹಾಗೆಂದು ಹಿಂತಿರುಗಿದವನು ಒಟ್ಟು 101 ವರ್ಷ ಬ್ರಹ್ಮಚರ್ಯದಲ್ಲಿದ್ದು ಉತ್ತರ ಪಡೆಯುತ್ತಾನೆ. ಹೆಣವನ್ನು ಬಟ್ಟೆ, ಒಡವೆಗಳಿಂದ ಸಿಂಗರಿಸಿ, ಅದರಿಂದಲೇ ಪರಲೋಕ ಗೆದ್ದೆವೆಂದು ತಿಳಿಯುವುದು ಅಸುರರ ಮತ ಎಂದು ಉಪನಿಷತ್ತು ಅಲ್ಲಿಯೇ ಹೇಳುತ್ತದೆ. ಸಾವಿನ ಮನೆಯಲ್ಲಿ ಓದಲು ಇದಕ್ಕಿಂತ ತಕ್ಕ ಪಾಠ ಇನ್ನೊಂದಿಲ್ಲ.

ಅಂತ್ಯೇಷ್ಟಿಯೆಂದರೆ ಕೊನೆಯ ಯಾಗ, ಅದಕ್ಕೆ ದೇಹ ಪೂರ್ಣವಾಗಿರಬೇಕು ಎನ್ನುವವರಿದ್ದಾರೆ. ಆ ಭಾವನೆಗೆ ಗೌರವವಿದೆ. ಆದರೆ ನೇತ್ರದಾನದಲ್ಲಿ ನಡೆಯುವುದೇನು? ಕಣ್ಣಿನ ಬ್ಯಾಂಕಿನವರು ಮನೆಗೇ ಬರುತ್ತಾರೆ, ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ, ಸಂಸ್ಕಾರ ಎಂದಿನಂತೆ ಸಾಗುತ್ತದೆ. ಪೊರೆ ತೆಗೆಸಿಕೊಂಡವರ, ಕನ್ನಡಕ ಹಾಕಿದವರ, ಸಕ್ಕರೆ ಕಾಯಿಲೆ ಇದ್ದವರ ಕಣ್ಣನ್ನೂ ಕೊಡಬಹುದು. ಮನೆಯವರು ಮಾಡಬೇಕಾದ್ದು ಇಷ್ಟೇ: ಫ್ಯಾನ್ ನಿಲ್ಲಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಕೂಡಲೇ ಫೋನ್ ಮಾಡುವುದು. ಕಾರ್ನಿಯಾವನ್ನು ಸುಮಾರು ಆರು ಗಂಟೆಯೊಳಗೆ ತೆಗೆಯಬೇಕು. ಆ ಗಂಟೆಗಳು ನಮ್ಮಲ್ಲಿ ‘ಮಗ ಊರಿಂದ ಬರಲಿ, ಆಮೇಲೆ ನೋಡೋಣ’ ಎನ್ನುವುದರಲ್ಲೇ ಕಳೆದುಹೋಗುತ್ತವೆ.

1954ರ ‘ಬೇಡರ ಕಣ್ಣಪ್ಪ’ದಲ್ಲಿ ಶಿವನಿಗೆ ಕಣ್ಣು ಕೊಟ್ಟ ಬೇಡನ ಪಾತ್ರದಿಂದ ನಾಯಕನಟನಾಗಿ ಬಂದ ರಾಜ್‌ಕುಮಾರ್, 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಅಗಲಿದ ಅವರ ಮಗ, ನಟ ಪುನೀತ್ ಅವರ ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಜೋಡಿಸಲಾಯಿತು: ಮೇಲ್ಪದರ ಕೆಟ್ಟಿದ್ದ ಇಬ್ಬರಿಗೆ ಮೇಲಿನದು, ಒಳಪದರ ಕೆಟ್ಟಿದ್ದ ಇಬ್ಬರಿಗೆ ಒಳಗಿನದು. ಆಮೇಲೆ ಎಷ್ಟೋ ಮಂದಿ ತಾವಾಗಿಯೇ ಹೋಗಿ ಹೆಸರು ಬರೆಸಿದರು. ಉಪದೇಶದಿಂದ ಆಗದ್ದು ಆ ಎರಡು ಕಣ್ಣುಗಳಿಂದ ಆಯಿತು.

ಆದರೆ ಹೆಸರು ಬರೆಸಿದರಷ್ಟೇ ಸಾಲದು. ಆ ಹೊತ್ತಿಗೆ ಒಪ್ಪಿಗೆ ಕೊಡಬೇಕಾದವರು ಮನೆಯವರು. ಆದ್ದರಿಂದ ಬದುಕಿರುವಾಗಲೇ ಹೆಂಡತಿ ಮಕ್ಕಳ ಮುಂದೆ, ಊಟಕ್ಕೆ ಕೂತಾಗಲೋ ಹಬ್ಬಕ್ಕೆ ಎಲ್ಲ ಸೇರಿದಾಗಲೋ, ಇದನ್ನು ಬಾಯಿಬಿಟ್ಟು ಹೇಳಬೇಕು. ಇನ್ನೊಂದು ಕೆಲಸ ಪುರೋಹಿತರದು. ಸಾವಾದ ಸ್ವಲ್ಪ ಹೊತ್ತಿಗೇ ಅನೇಕ ಮನೆಗಳಿಂದ ಕರೆ ಹೋಗುವುದು ಅವರಿಗೆ. ಸಾಮಾನಿನ ಪಟ್ಟಿ ಹೇಳುವ ಮೊದಲು ಅವರು ‘ಕಣ್ಣಿನ ಬ್ಯಾಂಕಿಗೆ ಹೇಳಿದಿರಾ?’ ಎಂದು ಕೇಳಿದರೆ, ಶಾಸ್ತ್ರಕ್ಕೆ ವಿರೋಧವಾದೀತೆಂಬ ಅಳುಕು ಅರ್ಧ ಅಲ್ಲಿಯೇ ಇಳಿಯುತ್ತದೆ. ಮಠಗಳು ನಡೆಸುವ ವೇದ ಪಾಠಶಾಲೆಗಳಲ್ಲಿ ಅಪರಪ್ರಯೋಗ, ಅಂದರೆ ಅಂತ್ಯಕ್ರಿಯೆಯ ವಿಧಿ, ಕಲಿಸುವಾಗಲೇ ಈ ಪ್ರಶ್ನೆಯನ್ನೂ ಕಲಿಸಲಿ.